ಹದಿನಾರನೆಯ ಸವಾರನ ಲೆಕ್ಕ

2014ರ ಆಗಸ್ಟ್ ತಿಂಗಳ ಕೊನೆಯ ಶನಿವಾರ ಪೋಲೆಂಡಿನ ಗೊಜುಫ್ ಪಟ್ಟಣದಲ್ಲಿ ಸ್ಪೀಡ್‌ವೇ ಗ್ರ್ಯಾನ್ ಪ್ರಿಯ, ಅಂದರೆ ಮಣ್ಣಿನ ಟ್ರ್ಯಾಕಿನ ಬೈಕ್ ಓಟದ ವಿಶ್ವ ಚಾಂಪಿಯನ್‌ಷಿಪ್ ಸರಣಿಯ, ಒಂದು ಸುತ್ತು ನಡೆಯಿತು. ಗೆದ್ದವನು ಬಾರ್ತೊಶ್ ಝ್ಮಾರ್ಜ್ಲಿಕ್, 19ರ ಹುಡುಗ. ಆ ವರ್ಷದ ಖಾಯಂ ಸವಾರರ ಪಟ್ಟಿಯಲ್ಲಿ ಅವನ ಹೆಸರೇ ಇರಲಿಲ್ಲ. ಆ ಒಂದು ರಾತ್ರಿಗೆ ಮಾತ್ರ ವೈಲ್ಡ್ ಕಾರ್ಡ್ ಪಡೆದು ಬಂದವನು. ಅದರ ಹಿಂದಿನ ವರ್ಷ ತೊರೂನ್‌ನಲ್ಲೂ ಹೀಗೇ ಆಗಿತ್ತು. ವೈಲ್ಡ್ ಕಾರ್ಡ್ ಸವಾರ ಆಡ್ರಿಯನ್ ಮ್ಯೆಜಿನ್ಸ್ಕಿ ವಿಶ್ವದ ಘಟಾನುಘಟಿಗಳನ್ನೆಲ್ಲ ಹಿಂದೆ ಹಾಕಿದ್ದ.

ಇಂಥ ಗೆಲುವು ಬಂದಾಗಲೆಲ್ಲ ಒಂದೇ ದೂರು ಕೇಳಿಬರುತ್ತದೆ. ವರ್ಷವಿಡೀ ದುಡಿದವರ ಅಂಕವನ್ನು ಒಂದು ರಾತ್ರಿಯ ಅತಿಥಿ ಕಿತ್ತುಕೊಂಡು ಹೋದ, ಇದು ಯಾವ ನ್ಯಾಯ ಎಂದು. ದೂರಿನಲ್ಲಿ ಹುರುಳಿದೆ. ಆದರೆ ಬಹಳ ಮಂದಿ ಬೆರಳು ತೋರಿಸುವ ಜಾಗ ಮಾತ್ರ ತಪ್ಪು. ಅನ್ಯಾಯ ಇಲ್ಲದ ಕಡೆ ಅದನ್ನು ಹುಡುಕುತ್ತಾರೆ, ಇರುವ ಕಡೆ ಕಣ್ಣು ಹಾಯಿಸುವುದೇ ಇಲ್ಲ. ಸ್ಪೀಡ್‌ವೇ ರಾತ್ರಿಯೊಂದರ ಒಳಗೆ ಅಡಗಿರುವ ಗಣಿತ ಎಷ್ಟು ಚೆಂದದ್ದೆಂದರೆ, ಅದನ್ನು ನೋಡದೆ ಈ ಪ್ರಶ್ನೆಗೆ ಉತ್ತರ ಹೇಳಲು ಹೊರಡಬಾರದು.

ಆಟದ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಬ್ರೇಕ್ ಇಲ್ಲದ, ಒಂದೇ ಗೇರಿನ, ಮೆಥನಾಲ್ ಕುಡಿದು ಓಡುವ 500 ಸಿಸಿ ಬೈಕು. ಒಂದು ಹೀಟ್‌ನಲ್ಲಿ, ಅಂದರೆ ಒಂದು ಓಟದಲ್ಲಿ, ನಾಲ್ವರು ಸವಾರರು, ನಾಲ್ಕು ಸುತ್ತು, ಸುಮಾರು ಒಂದು ನಿಮಿಷ. ತಿರುವಿನಲ್ಲಿ ಹಿಂದಿನ ಚಕ್ರವನ್ನು ಬೇಕೆಂದೇ ಜಾರಿಸಿ, ಎಡಗಾಲಿನ ಉಕ್ಕಿನ ಪಾದರಕ್ಷೆಯನ್ನು ನೆಲಕ್ಕೆ ಒತ್ತಿ ತಿರುಗುತ್ತಾರೆ. ಮೊದಲು ಬಂದವನಿಗೆ 3 ಅಂಕ, ಆಮೇಲೆ 2, 1, ಕೊನೆಯವನಿಗೆ ಸೊನ್ನೆ. ಒಂದು ರಾತ್ರಿಗೆ 16 ಸವಾರರು, 20 ಹೀಟ್, ಆಮೇಲೆ ಮುಂದಿರುವವರಿಗೆ ಕೊನೆಯ ನಿರ್ಣಾಯಕ ಓಟಗಳು. ಹದಿನೈದು ಮಂದಿ ಇಡೀ ಸರಣಿಗೆ ಖಾಯಂ. ಹದಿನಾರನೆಯವನು ವೈಲ್ಡ್ ಕಾರ್ಡ್; ಸಾಮಾನ್ಯವಾಗಿ ಆತಿಥೇಯ ದೇಶದವನು.

ಈಗ ಒಂದು ಕಾಗದ ತೆಗೆದುಕೊಳ್ಳಿ. ರಂಗೋಲಿಗೆ ಇಡುವಂತೆ ನಾಲ್ಕು ಸಾಲಿನಲ್ಲಿ ನಾಲ್ಕು ನಾಲ್ಕು ಚುಕ್ಕಿ ಇಟ್ಟು, 1ರಿಂದ 16ರವರೆಗೆ ಸಂಖ್ಯೆ ಬರೆಯಿರಿ. ಅಡ್ಡಸಾಲುಗಳೇ ಮೊದಲ ನಾಲ್ಕು ಹೀಟ್: 1-2-3-4, 5-6-7-8, ಹೀಗೆ. ಉದ್ದಸಾಲುಗಳು ಮುಂದಿನ ನಾಲ್ಕು: 1-5-9-13, 2-6-10-14, ಹೀಗೆ. ಆಮೇಲೆ ಓರೆ ಗೆರೆಗಳು. 1-6-11-16 ಕಣ್ಣಿಗೇ ಕಾಣುವ ಕರ್ಣ. ಅದರ ಜೊತೆಯವು 2-5-12-15, 3-8-9-14, 4-7-10-13. ಇವು ನೇರ ಗೆರೆಯಂತೆ ಕಾಣುವುದಿಲ್ಲ, ಸುತ್ತಿ ಬಳಸಿ ಹೋಗುವ ರಂಗೋಲಿಯ ಎಳೆಗಳು. ಇಂಥ ಇನ್ನೆರಡು ಗುಂಪು ಹೊಸೆಯಬಹುದು. ಒಟ್ಟು ಐದು ಗುಂಪು, ಗುಂಪಿಗೆ ನಾಲ್ಕು ಹೀಟ್, ಇಪ್ಪತ್ತು ಹೀಟ್. ಯಾವ ಇಬ್ಬರು ಸವಾರರನ್ನು ಬೇಕಾದರೂ ಆರಿಸಿ, ಅವರು ಈ ಇಪ್ಪತ್ತರಲ್ಲಿ ಸರಿಯಾಗಿ ಒಮ್ಮೆ ಎದುರಾಗುತ್ತಾರೆ. ಎರಡು ಸಲ ಇಲ್ಲ, ಎದುರಾಗದೆ ಉಳಿಯುವುದೂ ಇಲ್ಲ. ಲೆಕ್ಕ ಹಾಕಿ ನೋಡಿ: 16 ಜನರಲ್ಲಿ 120 ಜೋಡಿ, ಒಂದು ಹೀಟ್‌ನಲ್ಲಿ 6 ಜೋಡಿ, 20 ಹೀಟ್‌ಗೆ 120. ಒಂದು ಜೋಡಿ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಮೊದಲ ಸಲ ಇದನ್ನು ಬರೆದು ನೋಡಿದ ದಿನ ನಾನು ಕಾಗದವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದೆ.

ಮದುವೆ ಮನೆಗೆ ಹೋಲಿಸಬಹುದು. ಹದಿನಾರು ನೆಂಟರು, ನಾಲ್ಕು ಮೇಜು, ಐದು ಊಟ. ಪ್ರತಿ ಊಟಕ್ಕೂ ಜಾಗ ಬದಲಾಯಿಸಿ ಕೂರಿಸಿದರೆ, ಐದನೇ ಊಟ ಮುಗಿಯುವ ಹೊತ್ತಿಗೆ ಪ್ರತಿಯೊಬ್ಬರೂ ಉಳಿದ ಹದಿನೈದು ಮಂದಿಯೊಡನೆ ಒಮ್ಮೆ, ಒಮ್ಮೆ ಮಾತ್ರ, ಕೂತು ಉಂಡಿರುತ್ತಾರೆ. ಹೊಲಕ್ಕೂ ಹೋಲಿಸಬಹುದು. ಹದಿನಾರು ತಳಿಯ ರಾಗಿಯನ್ನು ಪರೀಕ್ಷಿಸಬೇಕು, ಆದರೆ ಒಂದೇ ಮಣ್ಣಿನ ತುಂಡಿನಲ್ಲಿ ನಾಲ್ಕಕ್ಕೆ ಮಾತ್ರ ಜಾಗ. ಇಪ್ಪತ್ತು ತುಂಡು ನೆಲ ಹಿಡಿದು ಹೀಗೇ ಹಂಚಿದರೆ, ಪ್ರತಿ ತಳಿಯೂ ಉಳಿದ ಪ್ರತಿ ತಳಿಯ ಪಕ್ಕ ಒಮ್ಮೆ ಬೆಳೆಯುತ್ತದೆ. ಒಳ್ಳೆಯ ಮಣ್ಣು ಸಿಕ್ಕಿತೋ ಕೆಟ್ಟದ್ದೋ ಎಂಬ ತಕರಾರನ್ನು ಲೆಕ್ಕದಲ್ಲೇ ತೀರಿಸಬಹುದು. ಗಣಿತಜ್ಞರು ಇದನ್ನು ನಾಲ್ಕನೇ ದರ್ಜೆಯ ಅಫೈನ್ ಸಮತಲ ಎನ್ನುತ್ತಾರೆ. ಹದಿನಾರು ಬಿಂದು, ಇಪ್ಪತ್ತು ರೇಖೆ, ಎರಡು ಬಿಂದುಗಳ ಮೂಲಕ ಒಂದೇ ರೇಖೆ. ಶಾಲೆಯಲ್ಲಿ ಕಲಿತ ಯೂಕ್ಲಿಡ್‌ನ ಮಾತೇ, ಹದಿನಾರು ಚುಕ್ಕಿಗಳ ಪುಟ್ಟ ಲೋಕದಲ್ಲಿ.

ಇದರ ಹಿಂದಿನ ಕಥೆ ದೊಡ್ಡದು. ಗಣಿತಜ್ಞ ಆಯ್ಲರ್ 18ನೇ ಶತಮಾನದಲ್ಲಿ ಆರು ದಳ, ಆರು ದರ್ಜೆಗಳ 36 ಸೇನಾಧಿಕಾರಿಗಳನ್ನು, ಯಾವ ಸಾಲಿನಲ್ಲೂ ದಳವಾಗಲಿ ದರ್ಜೆಯಾಗಲಿ ಮರುಕಳಿಸದಂತೆ, ಚೌಕವಾಗಿ ನಿಲ್ಲಿಸುವ ಒಗಟಿನಲ್ಲಿ ಸಿಕ್ಕಿಕೊಂಡ; ಇದೂ, ಹತ್ತು ಹತ್ತರಂಥ ಇನ್ನು ಕೆಲವು ಚೌಕಗಳೂ ಆಗುವುದೇ ಇಲ್ಲವೆಂದು ಊಹಿಸಿದ. 1850ರಲ್ಲಿ ಇಂಗ್ಲೆಂಡಿನ ಪಾದ್ರಿ ಥಾಮಸ್ ಕಿರ್ಕ್‌ಮನ್ ಇನ್ನೊಂದು ಕೇಳಿದ: ಶಾಲೆಯ 15 ಹುಡುಗಿಯರು ದಿನಾ ಮೂವರು ಮೂವರಾಗಿ ಸಾಲಿನಲ್ಲಿ ನಡೆದುಹೋಗುತ್ತಾರೆ, ಏಳು ದಿನದಲ್ಲಿ ಯಾವ ಇಬ್ಬರೂ ಎರಡು ಸಲ ಒಂದೇ ಸಾಲಿಗೆ ಬರದಂತೆ ಮಾಡಬಹುದೇ? ಮಾಡಬಹುದು. 1939ರಲ್ಲಿ ಕಲ್ಕತ್ತದ ರಾಜ್ ಚಂದ್ರ ಬೋಸ್ ಇಂಥ ಹಂಚಿಕೆಗಳನ್ನು ಜ್ಯಾಮಿತಿಯಿಂದಲೇ ಕಟ್ಟುವ ದಾರಿ ತೋರಿಸಿದರು. ಮುಂದೆ 1959ರಲ್ಲಿ ಅವರೂ ಶ್ರೀಖಂಡೆಯವರೂ ಪಾರ್ಕರ್ ಜೊತೆಗೂಡಿ, 36ರ ಚೌಕವನ್ನು ಬಿಟ್ಟು ಉಳಿದವಕ್ಕೆ, ಆಯ್ಲರ್‌ನ ಊಹೆಯನ್ನೇ ಸುಳ್ಳು ಮಾಡಿದರು. ಇನ್ನು ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್. ಮಲ್ಲಿಗೆಗೆ ಹೆಸರಾದ ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದವರು. 1940ರ ದಶಕದಲ್ಲಿ ಅವರು ರೂಪಿಸಿದ ಆರ್ಥಾಗನಲ್ ಅರೇ ಎಂಬ ಸಮ ಹಂಚಿಕೆಯ ಕೋಷ್ಟಕಗಳನ್ನು ಮುಂದೆ ಜಪಾನಿನ ಕಾರ್ಖಾನೆಗಳು ಗುಣಮಟ್ಟದ ಪರೀಕ್ಷೆಗೆ ಬಳಸಿದವು. ಅವುಗಳಲ್ಲಿ ಒಂದು 16 ಸಾಲು, 5 ಕಂಬಸಾಲು, 4 ಮಟ್ಟಗಳದ್ದು. ಸಾಲೆಂದರೆ ಸವಾರ, ಕಂಬಸಾಲೆಂದರೆ ಸರದಿ, ಮಟ್ಟವೆಂದರೆ ಆ ಸರದಿಯ ಹೀಟ್ ಎಂದು ಓದಿಕೊಂಡರೆ ಸ್ಪೀಡ್‌ವೇ ರಾತ್ರಿಯ ಪಟ್ಟಿ ಕೈಯಲ್ಲಿರುತ್ತದೆ. ಬೋಸರ ಲೇಖನಕ್ಕೂ ಮೂರು ವರ್ಷ ಮೊದಲೇ ಲಂಡನ್ನಿನ ವೆಂಬ್ಲಿಯಲ್ಲಿ 16 ಸವಾರರು ತಲಾ ಐದು ಹೀಟ್ ಓಡಿದ್ದರು ಎಂಬುದು ನನಗೆ ಇವತ್ತಿಗೂ ರೋಮಾಂಚನ ತರುವ ಸಂಗತಿ.

ಈಗ ವೈಲ್ಡ್ ಕಾರ್ಡ್‌ಗೆ ಬರೋಣ. ಖಾಯಂ ಹದಿನೈದೇ ಸಾಕಿತ್ತು, ಹದಿನಾರನೆಯವನನ್ನು ಯಾಕೆ ತುರುಕಿದರು ಎನ್ನುವವರಿಗೆ ಗಣಿತದ ಉತ್ತರವಿದೆ. ಹದಿನೈದೇ ಇದ್ದರೆ ಪ್ರತಿಯೊಬ್ಬನಿಗೂ 14 ಎದುರಾಳಿಗಳು. ಒಂದು ಹೀಟ್‌ನಲ್ಲಿ ಮೂವರು ಎದುರಾಳಿ ಸಿಗುತ್ತಾರೆ. 14ನ್ನು 3ರಿಂದ ಭಾಗಿಸಲು ಬರುವುದಿಲ್ಲ. ಯಾರೋ ಯಾರನ್ನೋ ಎರಡು ಸಲ ಎದುರಿಸಬೇಕು, ಇಲ್ಲವೇ ಎದುರಿಸದೆ ಉಳಿಯಬೇಕು. ಆ ಖಾಲಿ ಜಾಗ ದಾನಕ್ಕೆಂದು ಇಟ್ಟದ್ದಲ್ಲ. ಅದು ತುಂಬದಿದ್ದರೆ ಖಾಯಂ ಸವಾರರ ನಡುವೆಯೇ ಸಮಾನತೆ ಕೆಡುತ್ತದೆ.

ನಾಲ್ವರ ಹೀಟ್‌ಗಳಲ್ಲಿ ಎಲ್ಲರೂ ಎಲ್ಲರನ್ನೂ ಒಮ್ಮೆ ಎದುರಿಸಬೇಕಾದರೆ, ಒಟ್ಟು ಸಂಖ್ಯೆಯನ್ನು 12ರಿಂದ ಭಾಗಿಸಿದಾಗ 1 ಅಥವಾ 4 ಉಳಿಯಬೇಕು. ಹಾಗೆ ಉಳಿದರೆ ಹಂಚಿಕೆ ಸಾಧ್ಯ ಎಂದೂ 1961ರಲ್ಲಿ ಹೈಮ್ ಹನಾನಿ ಸಾಧಿಸಿದ. 13, 16, 25, 28. ಯೂರೋಪಿನಲ್ಲಿ ಎಷ್ಟೋ ಜನ 13 ಎಂದರೆ ಬೆಚ್ಚುತ್ತಾರೆ, ಹೋಟೆಲಿನಲ್ಲಿ ಆ ಸಂಖ್ಯೆಯ ಮಹಡಿಯನ್ನೇ ಬಿಟ್ಟು ಎಣಿಸುತ್ತಾರೆ. ಆ ಭಯವನ್ನು ಪಕ್ಕಕ್ಕಿಟ್ಟು ನೋಡಿದರೆ 13ರಂಥ ಸೊಗಸು 16ಕ್ಕೂ ಇಲ್ಲ. ಮೊದಲ ಹೀಟ್ 1-2-4-10. ಮುಂದಿನದಕ್ಕೆ ಪ್ರತಿ ಸಂಖ್ಯೆಗೂ ಒಂದು ಕೂಡಿಸಿ: 2-3-5-11. ಹೀಗೇ ಹೋಗಿ, 13 ದಾಟಿದರೆ ಮತ್ತೆ 1ಕ್ಕೆ ಬನ್ನಿ. 13 ಹೀಟ್‌ನಲ್ಲಿ ಎಲ್ಲ ಜೋಡಿಗಳೂ ಒಮ್ಮೊಮ್ಮೆ ಮುಗಿಯುತ್ತವೆ. ಬರೆದ ಕ್ರಮದಲ್ಲೇ ಗೇಟ್, ಅಂದರೆ ಹೊರಡುವ ಗೆರೆಯಲ್ಲಿ ಒಳಗಿನಿಂದ ಹೊರಕ್ಕೆ ಇರುವ ನಾಲ್ಕು ಜಾಗಗಳಲ್ಲೊಂದು, ಕೊಟ್ಟರೆ ಪ್ರತಿ ಸವಾರನೂ ನಾಲ್ಕು ಗೇಟ್‌ಗಳಿಂದಲೂ ಒಂದೊಂದು ಸಲ ಹೊರಡುತ್ತಾನೆ. 16ರ ಪಟ್ಟಿಯಲ್ಲಿ ಅದಾಗುವುದಿಲ್ಲ. ಓಟ ಐದು, ಗೇಟ್ ನಾಲ್ಕು, ಒಂದು ಗೇಟ್ ಎರಡು ಸಲ ಬಂದೇ ಬರುತ್ತದೆ. ಆದರೆ 13ರಲ್ಲಿ 4ನೇ ಸವಾರ ಮೂರನೇ ಹೀಟ್ ಮುಗಿಸಿ ಉಸಿರು ಬಿಡುವ ಮೊದಲೇ ನಾಲ್ಕನೆಯದಕ್ಕೆ ನಿಲ್ಲಬೇಕು, ಎಂಜಿನ್ ತಣಿದಿರುವುದಿಲ್ಲ. ಅದಕ್ಕೇ ಅದು ಕಾಗದದ ಮೇಲಷ್ಟೇ ಚೆಂದ.

ಈ ಎಲ್ಲದರ ತಿರುಳು ಇಲ್ಲಿದೆ. 3-2-1-0 ಎಂಬ ಅಂಕಗಳು ನಿಜವಾಗಿ ಏನು? ಆ ಹೀಟ್‌ನಲ್ಲಿ ನೀವು ಎಷ್ಟು ಜನರನ್ನು ಹಿಂದೆ ಹಾಕಿದಿರಿ ಎಂಬ ಎಣಿಕೆ, ಅಷ್ಟೇ. ಎಲ್ಲರನ್ನೂ ಒಮ್ಮೊಮ್ಮೆ ಎದುರಿಸುವುದರಿಂದ ಐದು ಹೀಟ್‌ಗಳ ಮೊತ್ತ ಎಂದರೆ ಹದಿನೈದು ಎದುರಾಳಿಗಳಲ್ಲಿ ನೀವು ಸೋಲಿಸಿದವರ ಸಂಖ್ಯೆ. ಹಾಗಾದರೆ ಈ ಇಪ್ಪತ್ತು ಹೀಟ್‌ಗಳಲ್ಲಿ ವೈಲ್ಡ್ ಕಾರ್ಡ್ ಸವಾರ ನಿಮ್ಮಿಂದ ಕಿತ್ತುಕೊಳ್ಳಬಹುದಾದ್ದು ಎಷ್ಟು? ಒಂದು ಅಂಕ. ಅವನು ಎಷ್ಟೇ ಭಯಂಕರ ಸವಾರನಾದರೂ ಒಂದೇ. ಆ ಒಂದು ಅಂಕದ ಅಪಾಯ ಹದಿನೈದು ಮಂದಿಗೂ ಸಮನಾಗಿ ಹಂಚಿಹೋಗಿದೆ.

ಸಮನಾಗಿ ಎಂದೆ. ಪೂರ್ತಿ ಅಲ್ಲ. ಅವನನ್ನು ಒಬ್ಬ ನಾಲ್ಕನೇ ಹೀಟ್‌ನಲ್ಲಿ ಎದುರಿಸುತ್ತಾನೆ, ಇನ್ನೊಬ್ಬ ಹದಿನೆಂಟರಲ್ಲಿ. ಅಷ್ಟರಲ್ಲಿ ಟ್ರ್ಯಾಕಿನ ಸಡಿಲ ಮಣ್ಣು ಚಕ್ರಗಳ ಏಟಿಗೆ ಹೊರಅಂಚಿಗೆ ಹೋಗಿ ಗುಡ್ಡೆಯಾಗಿರುತ್ತದೆ. ಮೊದಲು ಒಳಗಿನ ಗೇಟ್‌ಗೆ ಇದ್ದ ಲಾಭ ಆಮೇಲೆ ಹೊರಗಿನದಕ್ಕೆ ಬಂದಿರಬಹುದು. ಈ ಬದಲಾವಣೆಯನ್ನು ಯಾರು ಚೆನ್ನಾಗಿ ಬಲ್ಲರು? ಆ ಟ್ರ್ಯಾಕಿನಲ್ಲೇ ಬೆಳೆದವನು. ಝ್ಮಾರ್ಜ್ಲಿಕ್‌ಗೆ ಗೊಜುಫ್ ತನ್ನ ಕ್ಲಬ್ಬಿನ ಟ್ರ್ಯಾಕ್, ಮ್ಯೆಜಿನ್ಸ್ಕಿಗೆ ತೊರೂನ್ ಕೂಡ ಹಾಗೇ. ಇದನ್ನು ಪೇಟೆ ಕ್ರೀಡಾಂಗಣದಲ್ಲಿ ಒಂದು ವಾರಕ್ಕೆಂದು ಮಣ್ಣು ಹಾಸಿ ಮಾಡುವ ಟ್ರ್ಯಾಕಿನೊಂದಿಗೆ ಹೋಲಿಸಿ. ಕಾರ್ಡಿಫ್‌ನಲ್ಲಿ ವರ್ಷಗಟ್ಟಲೆ ಹಾಗೆ ನಡೆಯಿತು. ಅಲ್ಲಿ ಯಾರಿಗೂ ಅದು ತವರಲ್ಲ. ತವರಿನ ಈ ಲಾಭ ನಿಜ, ಆದರೂ ಪ್ರತಿಭೆಯ ಮುಂದೆ ಇದನ್ನು ದೊಡ್ಡದು ಮಾಡಲು ನನಗೆ ಮನಸ್ಸಿಲ್ಲ. ಗೊಜುಫ್‌ನ ಆ ಹುಡುಗ 2019ರಲ್ಲಿ ವಿಶ್ವ ಚಾಂಪಿಯನ್ ಆದ, ಆಮೇಲೂ ಪಟ್ಟದ ಮೇಲೆ ಪಟ್ಟ ಗೆದ್ದ.

ನಿಜವಾದ ತೂತು ಬೇರೆ ಕಡೆ ಇದೆ. 2020ಕ್ಕೆ ಹಿಂದಿನ ವರ್ಷಗಳಲ್ಲಿ ರಾತ್ರಿಯ ಓಟಗಳಲ್ಲಿ ಗಳಿಸಿದ ಅಂಕಗಳೇ ಚಾಂಪಿಯನ್‌ಷಿಪ್ ಪಟ್ಟಿಗೆ ಹೋಗುತ್ತಿದ್ದವು. 2020ರಿಂದ ರಾತ್ರಿಯ ಕೊನೆಯ ಸ್ಥಾನಕ್ಕೆ ಅಂಕ: ಮೊದಲನೆಯವನಿಗೆ 20, ಆಮೇಲೆ 18, 16, 14, 12, ಅಲ್ಲಿಂದ ಒಂದೊಂದೇ ಇಳಿಕೆ. ಪಟ್ಟಕ್ಕೆ ಸೆಣಸುತ್ತಿರುವ ಇಬ್ಬರು ಮೊದಲ ಎರಡು ಸ್ಥಾನದಲ್ಲಿ ಬಂದರೆ ಅಂತರ 2. ಅವರ ನಡುವೆ ವೈಲ್ಡ್ ಕಾರ್ಡ್ ಸವಾರ ನುಗ್ಗಿದರೆ ಒಬ್ಬನಿಗೆ 20, ಇನ್ನೊಬ್ಬನಿಗೆ 16, ಅಂತರ 4. ಅವರಿಬ್ಬರ ಸವಾರಿಯಲ್ಲಿ ಏನೂ ಬದಲಾಗಿಲ್ಲ. ಮೂರನೆಯವನೊಬ್ಬ ಬಂದು ನಿಂತದ್ದರಿಂದ ಅಂತರ ಇಮ್ಮಡಿಯಾಯಿತು. ಚುನಾವಣೆಯಲ್ಲಿ ಗೆಲ್ಲದ ಮೂರನೇ ಅಭ್ಯರ್ಥಿ ಮೊದಲಿಬ್ಬರ ಹಣೆಬರಹ ತಿರುಗಿಸುವುದನ್ನು ನೋಡಿದ್ದೇವಲ್ಲ, ಅದೇ ತೊಡಕು. 1951ರಲ್ಲಿ ಅರ್ಥಶಾಸ್ತ್ರಜ್ಞ ಕೆನೆತ್ ಆರೋ ಮತದಾನದ ಲೆಕ್ಕಗಳಲ್ಲಿ ಇದನ್ನೇ ಬಿಡಿಸಿ ತೋರಿಸಿದ. ಖಾಯಂ ಸವಾರನೊಬ್ಬ ನಡುವೆ ನುಗ್ಗಿದರೆ ಅವನು ಎಲ್ಲ ಸುತ್ತಿನಲ್ಲೂ ಇರುತ್ತಾನೆ, ಒಮ್ಮೆ ಇವನಿಗೆ ಏಟು, ಒಮ್ಮೆ ಅವನಿಗೆ. ಒಂದು ರಾತ್ರಿಯ ಅತಿಥಿಗೆ ಆ ಸಮತೋಲಕ್ಕೆ ಸಮಯವಿಲ್ಲ. 2025ರ ಪಟ್ಟ ಝ್ಮಾರ್ಜ್ಲಿಕ್‌ಗೆ ದಕ್ಕಿದ್ದು ಆಸ್ಟ್ರೇಲಿಯಾದ ಬ್ರೇಡಿ ಕರ್ಟ್ಸ್‌ಗಿಂತ ಒಂದೇ ಒಂದು ಅಂಕ ಹೆಚ್ಚಿದ್ದರಿಂದ. ಇಂಥ ಅಂಚಿನಲ್ಲಿ ಎರಡು ಅಂಕ ಸಣ್ಣದಲ್ಲ.

ಲೆಕ್ಕದ ನಿಯಮ ಸವಾರಿಯನ್ನೇ ನುಂಗಿದ ಉದಾಹರಣೆ ಈ ಆಟದ ವಿಶ್ವ ಚಾಂಪಿಯನ್‌ಷಿಪ್‌ನ ಮೊದಲ ವರ್ಷದಲ್ಲೇ ಇದೆ. 1936ರ ಮೊದಲ ವಿಶ್ವ ಫೈನಲ್‌ನಲ್ಲಿ ಆಸ್ಟ್ರೇಲಿಯಾದ ಬ್ಲೂಯಿ ವಿಲ್ಕಿನ್ಸನ್ ಐದಕ್ಕೆ ಐದೂ ಹೀಟ್ ಗೆದ್ದ. ಎದುರಿಗೆ ಬಂದ ಹದಿನೈದು ಮಂದಿಯಲ್ಲಿ ಒಬ್ಬನೂ ಅವನ ಮುಂದೆ ಹೋಗಲಿಲ್ಲ. ಅವನಿಗೆ ಸಿಕ್ಕಿದ್ದು ಮೂರನೇ ಸ್ಥಾನ. ಹಿಂದಿನ ಸುತ್ತುಗಳಿಂದ ತಂದ ಬೋನಸ್ ಅಂಕಗಳನ್ನು ಅಂದು ಕೂಡಿಸಿದ್ದರು. ವಿಲ್ಕಿನ್ಸನ್‌ಗೆ ಒಟ್ಟು 25. ಲಯನಲ್ ವಾನ್ ಪ್ರಾಗ್ ಮತ್ತು ಎರಿಕ್ ಲ್ಯಾಂಗ್ಟನ್‌ಗೆ 26. ಅವರಿಬ್ಬರು ಮತ್ತೊಂದು ಓಟ ಓಡಿದರು, ವಾನ್ ಪ್ರಾಗ್ ಚಾಂಪಿಯನ್ ಆದ. ವಿಲ್ಕಿನ್ಸನ್ ಆ ಪಟ್ಟಕ್ಕೆ 1938ರವರೆಗೆ ಕಾಯಬೇಕಾಯಿತು.

ಆದ್ದರಿಂದ ನನ್ನ ಮಾತು ಇಷ್ಟೇ. ವೈಲ್ಡ್ ಕಾರ್ಡ್ ಬೇಕು, ಗಣಿತಕ್ಕೂ ಬೇಕು, ಊರ ಹುಡುಗರಿಗೂ ಬೇಕು. ಅವನು ರಾತ್ರಿಯ ಸುತ್ತನ್ನು ಗೆದ್ದರೆ ಕಪ್, ಬಹುಮಾನ, ಚಪ್ಪಾಳೆ ಎಲ್ಲ ಅವನದೇ. ಆದರೆ ಚಾಂಪಿಯನ್‌ಷಿಪ್ ಅಂಕ ಹಂಚುವಾಗ ಖಾಯಂ ಹದಿನೈದು ಮಂದಿಯನ್ನು ಅವರವರಲ್ಲೇ ಸಾಲಾಗಿ ನಿಲ್ಲಿಸಿ 20, 18, 16 ಕೊಡಬೇಕು. ಅವನನ್ನು ಆರಿಸುವವರೂ ಆ ದೇಶದ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಂಥ ಯಾವುದಾದರೂ ಬಹಿರಂಗ ಅಳತೆಗೆ ಕಟ್ಟುಬೀಳಬೇಕು. ಸವಾರನ ಪರಿಚಯ, ಪ್ರಾಯೋಜಕರ ಒತ್ತಡ ಇವು ಹತ್ತಿರ ಸುಳಿಯಬಾರದು. ಅತಿಥಿ ಪಟ್ಟಕ್ಕೆ ಸೆಣಸುವವನ ದೇಶದವನೇ ಆಗಿದ್ದಾಗ ಈ ಎಚ್ಚರ ಇನ್ನೂ ಹೆಚ್ಚಬೇಕು, ಯಾಕೆಂದರೆ ಮೊದಲ ತಿರುವಿನಲ್ಲಿ ಒಂದು ಅಡಿ ಜಾಗ ಬಿಟ್ಟುಕೊಟ್ಟದ್ದನ್ನು ಯಾವ ರೆಫರಿಯೂ ಸಾಬೀತು ಮಾಡಲಾರ.

ಪ್ರತಿ ಸುತ್ತಿನ ಫಲಿತಾಂಶ ಬಂದಾಗ ನಾನು ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆದುಕೊಳ್ಳುತ್ತೇನೆ. ಒಂದರಲ್ಲಿ ಅಧಿಕೃತ ಅಂಕ. ಇನ್ನೊಂದರಲ್ಲಿ ಹದಿನಾರನೆಯವನ ಹೆಸರಿನ ಮೇಲೆ ಪೆನ್ಸಿಲ್ ಗೆರೆ ಎಳೆದು, ಕೆಳಗಿನವರನ್ನು ಒಂದೊಂದು ಮೆಟ್ಟಿಲು ಮೇಲೇರಿಸಿ ಹಾಕಿದ ಅಂಕ. ಅತಿಥಿ ಕೆಳಗೆಲ್ಲೋ ಬಂದ ರಾತ್ರಿ ಎರಡು ಸಾಲಿನ ಮೇಲ್ಭಾಗ ಅಕ್ಷರಶಃ ಒಂದೇ ಇರುತ್ತದೆ. ಅವನು ಮೇಲೆ ಬಂದ ರಾತ್ರಿ ಮಾತ್ರ ಅವು ಬೇರೆಯಾಗುತ್ತವೆ.