ಮೆಂಡರ್ ಇಲ್ಲದ ತರಗತಿ

ನನ್ನ ತರಗತಿಯಲ್ಲಿ ಆರು ಕೈವಾರಗಳಿವೆ. ಎಣಿಸಿ ಕೊಡುತ್ತೇನೆ, ಎಣಿಸಿ ವಾಪಸ್ ಇಸ್ಕೊಳ್ಳುತ್ತೇನೆ. ಐದೇ ಬಂದರೆ ಯಾರೂ ಜಾಗ ಬಿಟ್ಟು ಏಳುವ ಹಾಗಿಲ್ಲ. ಎಸ್ಸೆಸ್ಸೆಲ್ಸಿಗೆ ಕೂತವರಿಗೆ ವೃತ್ತ, ಸ್ಪರ್ಶಕ ಎಲ್ಲ ಎಳೆಯೋದು ಕಲಿಸಬೇಕು. ಆದರೆ ಕೈವಾರದ ಮೊನೆ ಗೇಟಿನಲ್ಲಿ ತಪಾಸಣೆ ಮಾಡುವವರ ಕಣ್ಣಿಗೆ ಬೇರೇನೇ ಕಾಣುತ್ತದೆ. ಅವರದ್ದೂ ತಪ್ಪಲ್ಲ ಬಿಡಿ.

ಜೈಲಿನ ಮೇಷ್ಟ್ರಾಗಿ ಹನ್ನೊಂದು ವರ್ಷ ಆಯಿತು. ಅದಕ್ಕೂ ಮುಂಚೆ ಹೈಸ್ಕೂಲಿನಲ್ಲಿದ್ದೆ. ಮದುವೆ ಮನೆಯಲ್ಲಿ ಯಾರಾದರೂ ಸಿಕ್ಕರೆ ಕೇಳುವುದು ಒಂದೇ: 'ಒಳಗೆ ಡಿಗ್ರಿ ಎಲ್ಲ ಮಾಡ್ತಾರಂತೆ, ಹೌದಾ?' ಹೌದು, ಮಾಡುತ್ತಾರೆ. ಮನೆಯಲ್ಲೇ ಕೂತು ಓದಿಸುವ ಮುಕ್ತ ವಿಶ್ವವಿದ್ಯಾಲಯ ಇಗ್ನೊ 1994ರಲ್ಲೇ ದೆಹಲಿಯ ತಿಹಾರ್ ಜೈಲಿನೊಳಗೆ ಅಧ್ಯಯನ ಕೇಂದ್ರ ತೆರೆಯಿತು. ಪದವಿ ಬಂದ ದಿನ ಪೇಪರಿನಲ್ಲಿ ಫೋಟೊ ಬರುತ್ತದೆ. ಸಂತೋಷವೇ. ಆದರೆ ನನ್ನ ದಿನದ ಕೆಲಸ ಆ ಫೋಟೊದಲ್ಲಿ ಇರುವುದಿಲ್ಲ.

ಯಾಕೆ ಅಂತ ಹೇಳ್ತೀನಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಕೊಡುವ ಲೆಕ್ಕದಂತೆ 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು. ಅದರಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರಿಗೆ ಇನ್ನೂ ಶಿಕ್ಷೆಯೇ ಆಗಿಲ್ಲ. ಶಿಕ್ಷೆಯಾದವನಿಗೆ ಎಷ್ಟು ವರ್ಷ ಇರಬೇಕು ಅನ್ನುವ ಅಂದಾಜಾದರೂ ಇರುತ್ತದೆ, ಮೂರು ವರ್ಷದ ಬಿ.ಎ.ಗೆ ಹೆಸರು ಕೊಡುತ್ತಾನೆ. ವಿಚಾರಣಾಧೀನನಿಗೆ ನಾಳೆಯೇ ಜಾಮೀನು ಸಿಗಬಹುದು, ಎರಡು ವರ್ಷ ಸಿಗದೇ ಇರಬಹುದು, ಬೇರೆ ಜೈಲಿಗೂ ಕಳಿಸಬಹುದು. ಜೂನ್‌ನಿಂದ ಮಾರ್ಚ್‌ವರೆಗಿನ ಪಾಠ ಹಿಡಿದುಕೊಂಡು ಇವರ ಮುಂದೆ ನಿಂತರೆ ತಿಂಗಳೊಳಗೆ ಅರ್ಧ ತರಗತಿ ಹೊಸ ಮುಖಗಳೇ. ಮೊದಲ ವರ್ಷ ನಾನೂ ಹಾಗೇ ನಿಂತಿದ್ದೆ. ಈಗ ಅವತ್ತಿನ ಪಾಠ ಅವತ್ತೇ ಮುಗಿಯಬೇಕು, ಎದ್ದು ಹೋಗುವಾಗ ಏನಾದರೂ ಕೈಗೆ ಹತ್ತಿರಬೇಕು.

ಕೈದಿಗಳಲ್ಲಿ ಸುಮಾರು ಕಾಲುಭಾಗ ಓದು ಬರಹ ಬಾರದವರು. ಹೊರಗೆ ಓದಲು ಬಾರದಿದ್ದರೂ ಹೇಗೋ ನಡೆದುಹೋಗುತ್ತದೆ. ಒಳಗೆ ನಡೆಯುವುದಿಲ್ಲ. ಅರ್ಜಿ ಬರೆಸಲು ಒಬ್ಬನ ಹತ್ತಿರ ಹೋಗಬೇಕು, ಮನೆಯ ಕಾಗದ ಓದಿಸಲು ಇನ್ನೊಬ್ಬನ ಹತ್ತಿರ. ಕೂಲಿ ಕ್ಯಾಂಟೀನಿನ ಬಿಸ್ಕತ್ತು. ಬಿಸ್ಕತ್ತು ಹೋದರೆ ಹೋಗಲಿ. ಹೆಂಡತಿ ಏನು ಬರೆದಿದ್ದಾಳೆ ಅಂತ ರಾತ್ರಿಯೊಳಗೆ ಇಡೀ ಬ್ಯಾರಕ್ಕಿಗೆ ಗೊತ್ತಾಗಿರುತ್ತದೆ. ಹಾಗಾಗಿ ನಾನು ಅಆಇಈಯಿಂದ ಶುರು ಮಾಡುವುದಿಲ್ಲ. ಮೊದಲು ಅವರ ಹೆಸರು, ಊರು. ಆಮೇಲೆ ವಕಾಲತ್ತು, ಜಾಮೀನು, ಮುಂದಿನ ತಾರೀಕು.

ಒಬ್ಬರು ಗಾರೆ ಕೆಲಸದವರು ಇದ್ದರು, ಐವತ್ತು ದಾಟಿತ್ತು. ಪೆನ್ಸಿಲನ್ನು ಕರಣೆ ಹಿಡಿದ ಹಾಗೆ ಮುಷ್ಟಿಯಲ್ಲಿ ಹಿಡಿಯುತ್ತಿದ್ದರು, ದಿನಕ್ಕೆರಡು ಮೊನೆ ಮುರಿಯುತ್ತಿತ್ತು. ನಾನು 'ನೀವು ಬರೀರಿ' ಅಂದರೆ ಹಿಂದೆ ತಿರುಗಿ ನೋಡುತ್ತಿದ್ದರು. ಅಲ್ಲಿ ಅವರನ್ನು ಬಹುವಚನದಲ್ಲಿ ಕರೆಯುವವರು ಯಾರಿದ್ದಾರೆ? ನಾಲ್ಕು ತಿಂಗಳಾದ ಮೇಲೆ ಒಂದು ದಿನ ಮನೆಯಿಂದ ಬಂದ ಕಾಗದ ತಂದರು. 'ಮೇಷ್ಟ್ರೇ, ಇದೊಂದು ಮಾತ್ರ ಗೊತ್ತಾಗ್ಲಿಲ್ಲ.' ಉಳಿದದ್ದನ್ನೆಲ್ಲ ಅಂಗೈಯಲ್ಲಿ ಮುಚ್ಚಿಕೊಂಡು ಆ ಒಂದು ಪದವನ್ನಷ್ಟೇ ತೋರಿಸಿದರು. 'ಸ್ತ್ರೀ ಶಕ್ತಿ' ಅಂತ ಇತ್ತು. ಮೊದಲ ಅಕ್ಷರಕ್ಕೇ ಎರಡು ಒತ್ತು, ಪಾಪ ಅವರೇನು ಮಾಡಿಯಾರು! ಹೇಳಿಕೊಟ್ಟೆ. 'ಓಹೋ, ಸಂಘಕ್ಕೆ ಸೇರಿದಾಳೆ' ಅಂತ ನಕ್ಕು ಕಾಗದ ಮಡಚಿ ಜೇಬಿಗೆ ಇಟ್ಟುಕೊಂಡರು. ಇನ್ನೇನು ಬರೆದಿತ್ತೋ, ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಗಣಿತವೂ ಹಾಗೇ. ಭಿನ್ನರಾಶಿ ಅಂದರೆ ಮಾವಿನಹಣ್ಣು ಹಂಚುವ ಲೆಕ್ಕಕ್ಕೆ ಇಲ್ಲಿ ಯಾರೂ ತಲೆ ಎತ್ತುವುದಿಲ್ಲ. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆಯಲ್ಲ, ಕ್ರಿಮಿನಲ್ ಕೇಸು ಹೇಗೆ ನಡೆಯಬೇಕು ಅನ್ನುವ ಕಾನೂನು, ಅದರ 479ನೇ ಕಲಂ ನನಗೆ ಒಳ್ಳೆ ಪಾಠವಾಗಿದೆ. ಆ ಅಪರಾಧಕ್ಕೆ ಇರುವ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಒಳಗೇ ಕಳೆದ ವಿಚಾರಣಾಧೀನರಿಗೆ ಜಾಮೀನು ಕೊಡಬೇಕು ಅನ್ನುತ್ತದೆ ಅದು. ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆಯಾಗಿರದಿದ್ದರೆ ಮೂರನೇ ಒಂದು ಭಾಗ ಸಾಕು. ಅವಧಿ ತುಂಬಿದ ಕೂಡಲೇ ಕೋರ್ಟಿಗೆ ಅರ್ಜಿ ಹಾಕಬೇಕಾದವರು ಜೈಲಿನ ಸೂಪರಿಂಟೆಂಡೆಂಟರು. ಮರಣದಂಡನೆ ಅಥವಾ ಜೀವಾವಧಿ ಆಗಬಹುದಾದ ಕೇಸುಗಳಿಗೆ ಇದು ಇಲ್ಲ, ಒಂದಕ್ಕಿಂತ ಜಾಸ್ತಿ ಕೇಸು ಇದ್ದವರಿಗೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಸುಮ್ನೆ ಆಸೆ ಹುಟ್ಟಿಸಬಾರದು.

ಬೋರ್ಡಿನ ಮೇಲೆ ಏಳು ವರ್ಷದ ಉದಾಹರಣೆ ಮಾಡುತ್ತೇನೆ. ಏಳು ವರ್ಷ ಅಂದರೆ 84 ತಿಂಗಳು. ಅರ್ಧ 42, ಮೂರನೇ ಒಂದು ಭಾಗ 28. ಆಮೇಲೆ ಅವರವರ ಲೆಕ್ಕ ಅವರವರ ನೋಟ್‌ಬುಕ್ಕಿನಲ್ಲಿ. ನಾನು ಬಗ್ಗಿ ನೋಡುವುದಿಲ್ಲ. ಒಮ್ಮೆ ಒಬ್ಬ ಹುಡುಗ ಬೆರಳು ಮಡಚಿ ಎಣಿಸುತ್ತಾ ಕೂತಿದ್ದವನು, 'ಸರ್, ಇನ್ನೆರಡು ತಿಂಗಳು' ಅಂದ. ಆ ಹಾಳೆ ಹರಿದುಕೊಂಡು ಕಾನೂನು ನೆರವಿನ ವಕೀಲರು ಬರುವ ದಿನಕ್ಕೆ ಕಾದ. ಆ ವಾರ ಭಾಗಾಕಾರ ಕಲಿಯಲು ತರಗತಿಯಲ್ಲಿ ಜಾಗ ಸಾಲಲಿಲ್ಲ.

ಪರೀಕ್ಷೆ ಕಟ್ಟುವವರಿಗೆ ಒಂದೇ ಮಾತು. ಅರ್ಜಿಯಲ್ಲಿ ವಿಳಾಸ ಕೇಳಿದ ಕಡೆ ಆದಷ್ಟೂ ಮನೆಯ ವಿಳಾಸವನ್ನೇ ಬರೆಯಿರಿ. ನಾಳೆ ಕೆಲಸ ಕೇಳಿಕೊಂಡು ಹೋದಾಗ ಆ ಕಾಗದ ಯಾರ ಯಾರ ಮೇಜಿನ ಮೇಲೆ ಬೀಳುತ್ತದೋ.

ಜೈಲಿಗೆ ಪುಸ್ತಕ ಕೊಡ್ತೀವಿ ಅಂತ ಫೋನ್ ಮಾಡುವವರು ತುಂಬಾ ಜನ. ಬದುಕು ಬದಲಿಸಿಕೊಳ್ಳಿ ಅನ್ನುವ ಪುಸ್ತಕಗಳು ಕಪಾಟಿನಲ್ಲಿ ಧಾರಾಳವಾಗಿವೆ, ಸಾಕು. ದಪ್ಪಕ್ಷರದ ಕಥೆಪುಸ್ತಕ, ಕನ್ನಡದಲ್ಲಿರುವ ಕಾನೂನಿನ ಪುಸ್ತಕ, ಭೂಪಟ ಇದ್ದರೆ ಕೊಡಿ. ಓದುವ ಕನ್ನಡಕವನ್ನಂತೂ ಮರೆಯಬೇಡಿ. ನಲವತ್ತೈದು ದಾಟಿದ ಎಷ್ಟೋ ಜನ ದಡ್ಡರಲ್ಲ, ಅಕ್ಷರ ಕಾಣದವರು. ಪೆನ್ಸಿಲ್ ತರುವುದಾದರೆ ಮನೆಯಲ್ಲೇ ಚೂಪು ಮಾಡಿ ತನ್ನಿ. ಮೆಂಡರಿನಲ್ಲಿ ಬ್ಲೇಡ್ ಇರುತ್ತದಲ್ಲ, ಅದನ್ನು ಗೇಟಿನಲ್ಲೇ ತೆಗೆದಿಡುತ್ತಾರೆ. ಈಗ ರಾತ್ರಿ ಊಟ ಆದ ಮೇಲೆ ನಲವತ್ತು ಪೆನ್ಸಿಲ್ ಹೆರೆಯುವುದು ನಾನು ಮತ್ತು ನನ್ನ ಮಗಳು.