ಕೋಡಿ ಹರಿಯುವುದು ಮ್ಯಾಪಿಗೆ ಗೊತ್ತಿಲ್ಲ

2022ರ ಮಳೆಗಾಲ. ಜಯಮಂಗಲಿ ದಂಡೆ ಮೀರಿ ಹರಿದ ವರ್ಷ. ಕೊರಟಗೆರೆ ಕಡೆಯ ಹಳ್ಳಿಯೊಂದಕ್ಕೆ ಗೃಹಪ್ರವೇಶಕ್ಕೆಂದು ತುಮಕೂರಿನಿಂದ ಹೊರಟಿದ್ದೆ. 'ಮ್ಯಾಪ್ ಹಾಕ್ಕೊಂಡು ಬಂದ್ಬಿಡಿ' ಎಂದು ಲೊಕೇಶನ್ ಕಳಿಸಿದ್ದರು. ಫೋನು ಹೇಳಿದಂತೆ ಕೆರೆ ಏರಿ ಮೇಲೆ ಕಾರು ಹತ್ತಿಸಿದೆ. ದನ ಹೊಡೆದುಕೊಂಡು ಬರುತ್ತಿದ್ದ ಹಿರಿಯರೊಬ್ಬರು ಕೈ ಅಡ್ಡ ಹಿಡಿದರು. "ಮುಂದಕ್ ಹೋಗ್ಬೇಡಿ ಸಾಮಿ, ಕೋಡಿ ಹರೀತೈತೆ." ತಿರುಗಿಸಲು ಜಾಗವಿಲ್ಲ. ಏರಿಯುದ್ದಕ್ಕೂ ರಿವರ್ಸ್ ಬಂದೆ. ಫೋನು ಮಾತ್ರ 'ನೇರ ಹೋಗಿ' ಎನ್ನುತ್ತಲೇ ಇತ್ತು.

ಫೋನು ಬಂದ ಮೇಲೆ ಕಾಗದದ ನಕ್ಷೆ ಇನ್ನೇಕೆ ಎಂದು ಯಾರಾದರೂ ಕೇಳಿದಾಗೆಲ್ಲ ಆ ಏರಿ ನೆನಪಾಗುತ್ತದೆ.

ನಿಜ ಹೇಳಬೇಕೆಂದರೆ, ನಮ್ಮ ಕಡೆ ಡ್ರೈವರುಗಳು ನಕ್ಷೆ ಬಿಡಿಸಿಕೊಂಡು ಗಾಡಿ ಓಡಿಸಿದ್ದು ಕಡಿಮೆಯೇ. ದೂರದ ಪ್ರವಾಸಕ್ಕೆ ಹೊರಟವರ ಕಾರಿನಲ್ಲಿ ಟಿಟಿಕೆ ಅಥವಾ ಐಷರ್ ರಸ್ತೆ ಅಟ್ಲಾಸ್ ಇರುತ್ತಿತ್ತು, ಅಷ್ಟೆ. ಉಳಿದವರಿಗೆ ಮೈಲಿಗಲ್ಲೇ ನಕ್ಷೆ. ಹಳದಿ ತಲೆಯದ್ದು ರಾಷ್ಟ್ರೀಯ ಹೆದ್ದಾರಿ, ಹಸಿರು ತಲೆಯದ್ದು ರಾಜ್ಯ ಹೆದ್ದಾರಿ. ಅದೂ ಸಾಲದಿದ್ದರೆ ಗೇಟಿನ ಟೀ ಅಂಗಡಿ. 'ಹೊಸಹಳ್ಳಿಗೆ ದಾರಿ ಯಾವುದು?' ಎಂದರೆ ಅಲ್ಲಿಂದ ತಿರುಗಿ ಪ್ರಶ್ನೆ ಬರುತ್ತಿತ್ತು: 'ಯಾವ ಹೊಸಹಳ್ಳಿ? ಯಾರ ಮನೆಗೆ?' ಒಂದೇ ಹೆಸರಿನ ಊರುಗಳು ಇಷ್ಟೊಂದಿರುವ ಜಿಲ್ಲೆಯಲ್ಲಿ ಆ ಮರುಪ್ರಶ್ನೆಗೆ ಬಹಳ ಬೆಲೆ ಇತ್ತು.

ಹಾಗಾದರೆ ಕಾಗದದ ನಕ್ಷೆ ಮಾಡಿಸಿದ್ದು ಯಾರಿಗಾಗಿ? ಮೊದಲು ಆಳುವವರಿಗಾಗಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷ್ ಸೇನಾಧಿಕಾರಿ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆಗೆ ಇಳಿದ. ಮುಂದೆ 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದವನೂ ಅವನೇ. ಇನ್ನೊಂದು ಕಡೆ ಅಂಥದೇ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನಲ್ಲಿ ಸರಪಳಿ ಹಿಡಿದು ನೆಲ ಅಳೆಯಲು ಶುರು ಮಾಡಿದ. ಆ ಲೆಕ್ಕ ಸರಿಯಿದೆಯೇ ಎಂದು ನೋಡಲು 1804ರಲ್ಲಿ ಬೆಂಗಳೂರಿನಲ್ಲಿ ಮತ್ತೆ ಅಳೆದ. ಈ ಕೆಲಸವೇ ಬೆಳೆದು ಸರ್ವೆ ಆಫ್ ಇಂಡಿಯಾದ ಹಾಳೆಗಳಾದವು. ತುಮಕೂರು ಸುತ್ತಮುತ್ತಲಿನದು '57 ಜಿ' ಸಾಲಿನಲ್ಲಿ ಬರುತ್ತದೆ. 1:50,000 ಅಳತೆಯ ಹಾಳೆಯಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಅರ್ಧ ಕಿಲೋಮೀಟರ್. ಕೆರೆ, ಹಳ್ಳ, ಗುಡಿ, ಬಾವಿ ಎಲ್ಲವೂ ಅದರಲ್ಲಿವೆ.

ಆದರೆ ಅಚ್ಚಾದ ಹಾಳೆ ಬೇಗ ಹಳತಾಗುತ್ತದೆ. 2010ರಲ್ಲಿ ಹೆದ್ದಾರಿಗಳ ನಂಬರ್ ಬದಲಾದವು. ತುಮಕೂರು, ಶಿರಾ ಮೇಲೆ ಹೋಗುವ 4ನೇ ನಂಬರಿನ ಹೆದ್ದಾರಿ 48 ಆಯಿತು. ಜನ ಇವತ್ತಿಗೂ 'ಎನ್ಎಚ್ ಫೋರ್' ಎನ್ನುತ್ತಾರೆ. 2014ರ ನವೆಂಬರ್ 1ಕ್ಕೆ ಊರಿನ ಇಂಗ್ಲಿಷ್ ಹೆಸರೂ 'ತುಮ್ಕೂರ್' ಹೋಗಿ 'ತುಮಕೂರು' ಆಯಿತು. ಮನೆಯಲ್ಲಿದ್ದ ಅಟ್ಲಾಸು ಎರಡರಲ್ಲೂ ಹಿಂದೆ ಉಳಿಯಿತು.

ಅಷ್ಟರಲ್ಲಿ ಆಕಾಶದಿಂದ ದಾರಿ ತೋರಿಸುವ ಕೆಲಸ ಶುರುವಾಗಿತ್ತು. ಅಮೆರಿಕದ ಜಿಪಿಎಸ್‌ನ ಮೊದಲ ಉಪಗ್ರಹ ಹಾರಿದ್ದು 1978ರಲ್ಲಿ, ಸೇನೆಗಾಗಿ. 1983ರಲ್ಲಿ ದಾರಿ ತಪ್ಪಿದ ಕೊರಿಯಾದ ಪ್ರಯಾಣಿಕರ ವಿಮಾನವನ್ನು ಸೋವಿಯತ್ ಸೇನೆ ಹೊಡೆದುರುಳಿಸಿತು. ಆಮೇಲೆ ಜನಸಾಮಾನ್ಯರಿಗೂ ಇದನ್ನು ಕೊಡುತ್ತೇವೆ ಎಂದು ಅಮೆರಿಕ ಹೇಳಿತು. ಕೊಟ್ಟರೂ ಬೇಕೆಂದೇ ಸಂಕೇತ ಕೆಡಿಸಿ, ಸುಮಾರು 100 ಮೀಟರ್ ವ್ಯತ್ಯಾಸ ಬರುವಂತೆ ಇಟ್ಟಿತ್ತು. ಅದನ್ನು ನಿಲ್ಲಿಸಿದ್ದು 2000ದ ಮೇ ತಿಂಗಳಲ್ಲಿ. ಕಾರಿನಲ್ಲಿ ಜಿಪಿಎಸ್ ಕೆಲಸಕ್ಕೆ ಬಂದದ್ದು ಆಮೇಲೆಯೇ ಎನ್ನಬಹುದು.

ಇದೆಲ್ಲ ಗಡಿಯಾರದ ಆಟ. ನಾಲ್ಕು ಉಪಗ್ರಹಗಳ ಸಂಕೇತ ಬಂದು ಸೇರಲು ಹಿಡಿದ ಸಮಯದಿಂದ ಫೋನು ತಾನೆಲ್ಲಿದ್ದೇನೆ ಎಂದು ಲೆಕ್ಕ ಹಾಕುತ್ತದೆ. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ 300 ಮೀಟರ್ ಆಚೀಚೆ! ಜಿಪಿಎಸ್‌ನಂತೆ ದಾರಿ ತೋರಿಸುವ, ನಮ್ಮ ದೇಶದ್ದೇ ಆದ 'ನಾವಿಕ್'ನ ಮೊದಲ ಉಪಗ್ರಹ 2013ರಲ್ಲಿ ಹಾರಿತು. ಅದರ ಆಮದು ಪರಮಾಣು ಗಡಿಯಾರಗಳು ಮೂರೂ ಕೈಕೊಟ್ಟವು. 2023ರಲ್ಲಿ ಹಾರಿದ ನಾವಿಕ್ ಉಪಗ್ರಹ ಎನ್‌ವಿಎಸ್-01ರಲ್ಲಿ ಇಲ್ಲೇ ಮಾಡಿದ ಪರಮಾಣು ಗಡಿಯಾರ ಇದೆ. ಎಚ್‌ಎಂಟಿ ವಾಚು ಕಟ್ಟಿಕೊಂಡು ಬೆಳೆದ ತುಮಕೂರಿನವರಿಗೆ ಇದು ಖುಷಿಯ ಸುದ್ದಿ ಅಲ್ವಾ? ನಮ್ಮ ವಾಚ್ ಫ್ಯಾಕ್ಟರಿ ಮುಚ್ಚಿದ ಮೇಲೆ ಅದರ ಜಾಗ ಹೋದದ್ದೂ ಇಸ್ರೊಗೇ.

ಇಲ್ಲೇ ಬಹಳ ಜನ ತಪ್ಪು ತಿಳಿಯುತ್ತಾರೆ. ಉಪಗ್ರಹದಿಂದ ಫೋನಿಗೆ ಗೊತ್ತಾಗುವುದು 'ನೀನು ಇಲ್ಲಿದ್ದೀಯ' ಎಂದು ಮಾತ್ರ. ಅಲ್ಲಿಂದ ರಸ್ತೆ ಎಲ್ಲಿಗೆ ಹೋಗುತ್ತದೆ, ಸೇತುವೆ ಇದೆಯೋ ಇಲ್ಲವೋ ಎಂಬುದನ್ನು ಯಾರಾದರೂ ನೋಡಿ, ಗುರುತು ಮಾಡಿರಬೇಕು. 2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿ ಬಳಿ ಮ್ಯಾಪ್ ನಂಬಿ ಹೊರಟ ಮೂವರಿದ್ದ ಕಾರು ಅರ್ಧಕ್ಕೆ ಕೊಚ್ಚಿಹೋಗಿದ್ದ ಸೇತುವೆಯಿಂದ ನದಿಗೆ ಬಿತ್ತು. ಮೂವರೂ ಸತ್ತರು. ಅವರು ಎಲ್ಲಿದ್ದಾರೆಂದು ಫೋನಿಗೆ ಗೊತ್ತಿತ್ತು. ಸೇತುವೆ ಮುರಿದದ್ದು ಅದರ ನಕ್ಷೆಯಲ್ಲಿ ಇರಲಿಲ್ಲ. ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಮ್ಮಲ್ಲಿ ಕಾಗದದ ನಕ್ಷೆ, ಉಪಗ್ರಹ ಎರಡೂ ಒಟ್ಟಿಗೆ ಕೆಲಸ ಮಾಡುವುದನ್ನು ನೋಡಬೇಕಾದರೆ ಹೊಲದ ಬದುವಿಗೆ ಹೋಗಬೇಕು. ಬಂಡಿದಾರಿ ಜಗಳ ಬಂದಾಗ ರೈತರು ಇವತ್ತಿಗೂ ಕೇಳುವುದು ಗ್ರಾಮ ನಕ್ಷೆಯನ್ನೇ. ಎರಡು ಚುಕ್ಕಿಗೆರೆ ಇದ್ದರೆ ಬಂಡಿದಾರಿ, ಒಂದೇ ಇದ್ದರೆ ಕಾಲುದಾರಿ. ಸರ್ಕಾರದ 'ದಿಶಾಂಕ್' ಆ್ಯಪ್ ಅದೇ ನಕ್ಷೆಯನ್ನು ಫೋನಿಗೆ ತಂದಿದೆ. ನಿಂತ ಜಾಗದ ಸರ್ವೆ ನಂಬರನ್ನು ಉಪಗ್ರಹದ ನೆರವಿನಿಂದ ತೋರಿಸುತ್ತದೆ. ಕಾಗದದ ಮೇಲೆ ಯಾರೋ ನಡೆದು ಅಳೆದು ಬರೆದದ್ದೇ ಅದರೊಳಗೂ ಇರುವುದು.

ನಾನೂ ಮ್ಯಾಪ್ ಹಾಕಿಕೊಂಡೇ ಹೊರಡುತ್ತೇನೆ. ಅದರ ಜೊತೆ ಕಾರಿನಲ್ಲಿ ಕೊರಟಗೆರೆ ತಾಲ್ಲೂಕಿನ ನಕ್ಷೆಯೊಂದನ್ನು ಮಡಿಸಿ ಇಟ್ಟಿದ್ದೇನೆ. ಮಳೆಗಾಲದಲ್ಲಿ ಕೋಡಿ ನೀರು ರಸ್ತೆ ಮೇಲೆ ಹರಿಯುವ ಕಡೆಯೆಲ್ಲ ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತಾ ಬಂದಿದ್ದೇನೆ. ಈವರೆಗೆ ಏಳು ಆಗಿವೆ. ಮೊದಲನೆಯದು ಆ ಹಿರಿಯರು ತೋರಿಸಿದ್ದು.