ಗಿನಿ ಬೆಲೆಯ ಗುಳಿಗೆ, ಕಾಸಿನ ಲೋಳೆಸರ

ನಮ್ಮ ಮನೆಯಲ್ಲಿ ದಿಢೀರ್ ರವೆ ಇಡ್ಲಿ ಮಾಡುವಾಗ ಕೊನೆಗೆ ಹಿಟ್ಟಿಗೆ ಒಂದು ಪೊಟ್ಟಣ ಈನೋ ಬೀಳುತ್ತದೆ. ಮೇಲೆ ಒಂದು ಚಮಚ ನೀರು ಹಾಕಿದರೆ ಬುಸ್ಸೆಂದು ನೊರೆ ಏಳುತ್ತದೆ. ತಟ್ಟೆಗೆ ಹುಯ್ಯುವುದು ಸ್ವಲ್ಪ ತಡವಾದರೂ ಇಡ್ಲಿ ಕಲ್ಲು. ಮೊನ್ನೆ ಹಬೆ ಬರಲಿ ಅಂತ ಕಾಯುತ್ತಾ, ಸುಮ್ನೆ ಆ ಖಾಲಿ ಪೊಟ್ಟಣದ ಹಿಂಬದಿ ಓದಿದೆ. ಸ್ವರ್ಜಿಕ್ಷಾರ, ನಿಂಬುಕಾಮ್ಲ ಅಂತ ಬರೆದಿತ್ತು. ಆಯುರ್ವೇದ ಔಷಧಿ ಅನ್ನುವ ಮಾತು ಬೇರೆ. ಅಡುಗೆ ಸೋಡಾಗೂ ಸಿಟ್ರಿಕ್ ಆಮ್ಲಕ್ಕೂ ಸಂಸ್ಕೃತದಲ್ಲಿ ನಾಮಕರಣ ಆಗಿದೆ, ಅಷ್ಟೇ. ಎರಡೂ ನೀರಿನಲ್ಲಿ ಕೂಡಿದರೆ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಅದೇ ಬುಸ್ಸು, ಅದೇ ತೇಗು.

ಈ ಪುಡಿ ಹುಟ್ಟಿದ್ದು ಮಾತ್ರ ಯಾವ ಆಶ್ರಮದಲ್ಲೂ ಅಲ್ಲ. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ, ನ್ಯೂಕ್ಯಾಸಲ್ ಊರಿನ ಜೇಮ್ಸ್ ಕ್ರಾಸ್ಲಿ ಈನೋ ಎಂಬ ಔಷಧಿ ಅಂಗಡಿಯವನ ಕೈಯಲ್ಲಿ. ಆಗಿನ ಜಾಹೀರಾತು ಓದಿದರೆ ಇದು ಬರೀ ಹೊಟ್ಟೆಯುಬ್ಬರದ ಮದ್ದಲ್ಲ. ರಕ್ತ ಶುದ್ಧವಾಗುತ್ತದೆ, ಲಿವರ್ ಸರಿಹೋಗುತ್ತದೆ, ಜ್ವರ ಹತ್ತಿರ ಸುಳಿಯುವುದಿಲ್ಲ. ತೇಗು ಬಂದದ್ದಂತೂ ನಿಜ. ಹಾಗಾಗಿ ಉಳಿದದ್ದೂ ನಿಜವಿರಬೇಕು ಅಂತ ಜನ ನಂಬಿದರು.

ನಾವು ಔಷಧಿಯ ಬಗ್ಗೆ ಎರಡು ಥರ ಮಾತಾಡುತ್ತೇವೆ. 'ಗುಣ ಕಾಣ್ತು' ಅಂತ ಒಂದು, 'ಗುಣ ಆಯ್ತು' ಅಂತ ಇನ್ನೊಂದು. ಕೇಳೋಕೆ ಒಂದೇ ಥರ ಇವೆ. ವಿಕ್ಟೋರಿಯಾ ಕಾಲದ ಔಷಧಿ ವ್ಯಾಪಾರಿಗಳು ಕೋಟೆ ಕಟ್ಟಿಕೊಂಡಿದ್ದೇ ಆ ಎರಡರ ನಡುವಿನ ಸಂದಿಯಲ್ಲಿ.

ಅವರ ಸರಕಿಗೆ ಪೇಟೆಂಟ್ ಮೆಡಿಸಿನ್ ಅಂತ ಹೆಸರು. ತಮಾಷೆ ಅಂದರೆ ಹೆಚ್ಚಿನವಕ್ಕೆ ಪೇಟೆಂಟೇ ಇರಲಿಲ್ಲ. ಪೇಟೆಂಟ್ ಬೇಕಾದರೆ ಒಳಗೇನಿದೆ ಅಂತ ಸರಕಾರಕ್ಕೆ ಬರೆದು ಕೊಡಬೇಕು. ಹಾಗೆ ಕೊಟ್ಟರೆ ಗುಟ್ಟು ರಟ್ಟು. ಆದ್ದರಿಂದ ಹೆಸರು ಮಾತ್ರ ಪೇಟೆಂಟ್, ಒಳಗಿನದು ಗುಟ್ಟು. ಇದರ ಮೇಲೆ ಇನ್ನೊಂದು ಅನುಕೂಲ ತಾನಾಗಿ ಒದಗಿತ್ತು. 1783ರಿಂದಲೇ ಇಂಥ ಔಷಧಿಗಳಿಗೆ ತೆರಿಗೆ ಇತ್ತು. ಪ್ರತಿ ಡಬ್ಬಿಗೂ ಸರಕಾರದ ಸ್ಟಾಂಪು ಅಂಟಿಸಬೇಕು. ಒಂದು ಶಿಲ್ಲಿಂಗ್ ಡಬ್ಬಿಗೆ ಒಂದೂವರೆ ಪೆನ್ನಿ ತೆರಿಗೆ. ಅದಕ್ಕೇ ಆ ಕಾಲದ ಜಾಹೀರಾತುಗಳ ತುಂಬ 'ಒಂದು ಶಿಲ್ಲಿಂಗ್ ಒಂದೂವರೆ ಪೆನ್ನಿ' ಅನ್ನುವ ವಿಚಿತ್ರ ಬೆಲೆ ಕಾಣಿಸುತ್ತದೆ. ಕೊಳ್ಳುವವನಿಗೆ ಕಂಡದ್ದು ತೆರಿಗೆ ಅಲ್ಲ, ಸರಕಾರದ ಮುದ್ರೆ. ರಾಣಿಯೇ ಒಪ್ಪಿದ ಔಷಧಿ ಅಂದುಕೊಂಡ. ವ್ಯಾಪಾರಿಗಳೂ ಸುಮ್ಮನಿರಲಿಲ್ಲ, ಸ್ಟಾಂಪು ನೋಡಿಯೇ ಕೊಳ್ಳಿ ಅಂತ ಸಾರಿದರು.

ಈ ವ್ಯಾಪಾರದ ರಾಜ ಅಂದರೆ ಥಾಮಸ್ ಬೀಚಮ್. 1820ರಲ್ಲಿ ಹುಟ್ಟಿದವನು, ಚಿಕ್ಕಂದಿನಲ್ಲಿ ಕುರಿ ಕಾಯುತ್ತಿದ್ದ. ಆಮೇಲೆ ಸಂತೆಗಳಲ್ಲಿ ಗುಳಿಗೆ ಮಾರಿ, ಕೊನೆಗೆ ಲ್ಯಾಂಕಶೈರಿನ ಸೇಂಟ್ ಹೆಲೆನ್ಸ್‌ನಲ್ಲಿ ನೆಲೆ ನಿಂತ. 'ಡಬ್ಬಿಯೊಂದಕ್ಕೆ ಗಿನಿ ಬೆಲೆ' ಅನ್ನುವುದು ಅವನ ಘೋಷಣೆ. ಗಿನಿ ಅಂದರೆ 21 ಶಿಲ್ಲಿಂಗ್. ಅಷ್ಟು ಬೆಲೆಬಾಳುವ ಮಾಲನ್ನು ನಿಮಗೆ ಒಂದು ಶಿಲ್ಲಿಂಗ್ ಚಿಲ್ಲರೆಗೆ ಕೊಡುತ್ತಿದ್ದೇನೆ ಅನ್ನುವ ಧಾಟಿ. ಸಂತೆಯಲ್ಲಿ ಪಳಗಿದ ನಾಲಿಗೆ, ಅಲ್ವಾ?

1909ರಲ್ಲಿ ಬ್ರಿಟನ್ನಿನ ವೈದ್ಯರ ಸಂಘ ಈ ಗುಳಿಗೆಯನ್ನು ಪ್ರಯೋಗಾಲಯದಲ್ಲಿ ಬಿಡಿಸಿ ನೋಡಿದ ಲೆಕ್ಕ ಪ್ರಕಟಿಸಿತು. ಒಂದು ಗುಳಿಗೆಯಲ್ಲಿ ಅರ್ಧ ಗ್ರೇನ್, ಅಂದರೆ ಸುಮಾರು 32 ಮಿಲಿಗ್ರಾಂ, ಲೋಳೆಸರದ ಒಣಗಿದ ರಸ. ಅದಕ್ಕಿಂತ ಸ್ವಲ್ಪ ಜಾಸ್ತಿ ಶುಂಠಿ ಪುಡಿ. ಮತ್ತೆ ಚೂರು ಸೋಪು. ಹೌದು, ಸೋಪು, ಗುಳಿಗೆ ಉದುರದೆ ಅಂಟಿಕೊಂಡಿರಲಿ ಅಂತ. ಡಬ್ಬಿಯಲ್ಲಿ 56 ಗುಳಿಗೆ. ಅಷ್ಟಕ್ಕೂ ಸೇರಿ ಸಾಮಾನಿನ ಖರ್ಚು ಅರ್ಧ ಫಾರ್ದಿಂಗ್. ಒಂದು ಶಿಲ್ಲಿಂಗಿಗೆ ಹನ್ನೆರಡು ಪೆನ್ನಿ, ಒಂದು ಪೆನ್ನಿಗೆ ನಾಲ್ಕು ಫಾರ್ದಿಂಗ್. ಲೆಕ್ಕ ಹಾಕಿ ನೋಡಿದೆ. ಮಾರುವ ಬೆಲೆ ಸಾಮಾನಿನ ಬೆಲೆಯ 108 ಪಟ್ಟು!

ಆದರೂ ಗುಳಿಗೆ ನುಂಗಿದವರಿಗೆ ಗುಣ ಕಾಣುತ್ತಿತ್ತು. ಲೋಳೆಸರದ ಹಳದಿ ಕಹಿ ರಸದಲ್ಲಿ ಅಲೋಯಿನ್ ಎಂಬ ವಸ್ತು ಇದೆ. ಅದು ಸಣ್ಣ ಕರುಳನ್ನು ಏನೂ ಮಾಡದೆ ದಾಟಿ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ಕರುಳಿನ ಗೋಡೆಗೆ ಉರಿ ಹತ್ತುತ್ತದೆ, ನೀರು ಒಸರುತ್ತದೆ. ಇಷ್ಟೆಲ್ಲ ಆಗಲು ಎಂಟು ಹತ್ತು ಗಂಟೆ ಬೇಕು. ರಾತ್ರಿ ನುಂಗಿ ಮಲಗಿದರೆ ಬೆಳಗ್ಗೆ ಹೊಟ್ಟೆ ಖಾಲಿ, ಮೈ ಹಗುರ. ನಮ್ಮಲ್ಲೂ ಮಕ್ಕಳ ಮೂಗು ಹಿಡಿದು ಹರಳೆಣ್ಣೆ ಕುಡಿಸುತ್ತಿದ್ದರಲ್ಲ, ಅದೇ ನಂಬಿಕೆ. ಕಾಯಿಲೆ ಅಂದರೆ ಒಳಗಿನ ಕಶ್ಮಲ, ಹೊರಗೆ ಹೋದರೆ ಸರಿ. ಮಲಬದ್ಧತೆ ಇದ್ದವನಿಗೆ ಇದು ನಿಜಕ್ಕೂ ಔಷಧಿಯೇ. ತಲೆಸುತ್ತು, ಉಸಿರುಕಟ್ಟು, ಕೆಟ್ಟ ಕನಸು ಎಲ್ಲಕ್ಕೂ ಇದೇ ಅಂದಾಗ ಮಾತ್ರ ಕಷ್ಟ.

ಹಾಲೊವೆ ಎಂಬ ಇನ್ನೊಬ್ಬನಿದ್ದ. 1837ರಲ್ಲಿ ಮುಲಾಮು ಮಾರಲು ಹೊರಟವನು, ಆಮೇಲೆ ಗುಳಿಗೆಗೂ ಇಳಿದ. ದುಡ್ಡು ಎಷ್ಟು ಬಂತೆಂದರೆ ಹೆಣ್ಣುಮಕ್ಕಳಿಗೊಂದು ಕಾಲೇಜು ಕಟ್ಟಿಸಿದ. 1886ರಲ್ಲಿ ಖುದ್ದು ರಾಣಿ ಬಂದು ಅದನ್ನು ತೆರೆದಳು. ಲಂಡನ್ ವಿಶ್ವವಿದ್ಯಾಲಯದ ಭಾಗವಾಗಿ ಅದು ಈಗಲೂ ನಡೆಯುತ್ತಿದೆ.

ಇಲ್ಲಿಯವರೆಗಿನದು ನಗುವ ಕತೆ. ಮಕ್ಕಳ ಸಿರಪ್ಪಿನ ಹತ್ತಿರ ಬಂದರೆ ನಗು ನಿಲ್ಲುತ್ತದೆ.

ಇಂಗ್ಲೆಂಡಿನ ಗಿರಣಿ ಊರುಗಳಲ್ಲಿ ತಾಯಂದಿರು ಬೆಳಕು ಹರಿಯುವ ಮೊದಲೇ ಕೆಲಸಕ್ಕೆ ಹೋಗಬೇಕು. ಕೂಸುಗಳನ್ನು ನೋಡಿಕೊಳ್ಳುವ ಅಜ್ಜಿಯೊಬ್ಬಳ ಮನೆಯಲ್ಲಿ ಬಿಟ್ಟು ಹೋಗುತ್ತಿದ್ದರು. ಆ ಅಜ್ಜಿಯ ಕಪಾಟಿನಲ್ಲಿ ಗಾಡ್‌ಫ್ರೀಸ್ ಕಾರ್ಡಿಯಲ್ ಇರುತ್ತಿತ್ತು. ಕಾಕಂಬಿಯ ಪಾಕದಲ್ಲಿ ಅಫೀಮು. ಅಮೆರಿಕದಿಂದ ಬಂದ ಮಿಸೆಸ್ ವಿನ್‌ಸ್ಲೋಸ್ ಸೂದಿಂಗ್ ಸಿರಪ್ ಇದರದೇ ತಂಗಿ. 1849ರಲ್ಲಿ ಶುರುವಾದದ್ದು, ಹಲ್ಲು ಬರುವ ಮಕ್ಕಳಿಗೆ ಅಂತ. ಅದರ ಒಂದು ಔನ್ಸ್‌ನಲ್ಲಿ, ಅಂದರೆ ಸುಮಾರು 30 ಮಿಲಿಲೀಟರಿನಲ್ಲಿ, 65 ಮಿಲಿಗ್ರಾಂನಷ್ಟು ಮಾರ್ಫಿನ್, ಅಂದರೆ ಅಫೀಮಿನದೇ ಸತ್ವ. ಒಂದು ಟೀ ಚಮಚಕ್ಕೆ ಹತ್ತು ಮಿಲಿಗ್ರಾಂ ಹತ್ತಿರ ಬಂತು. ಇವತ್ತು ಕ್ಯಾನ್ಸರ್ ನೋವಿನಲ್ಲಿರುವ ದೊಡ್ಡವರಿಗೆ ಮೊದಲ ಸಲ ಬಾಯಿಗೆ ಕೊಡುವ ಮಾರ್ಫಿನ್ ಐದರಿಂದ ಹತ್ತು ಮಿಲಿಗ್ರಾಂ.

ಮಾರ್ಫಿನ್ ಹೋಗಿ ಕೂರುವ ಜಾಗಗಳು, ಅಂದರೆ ಜೀವಕೋಶಗಳ ಮೇಲಿನ ಗ್ರಾಹಕಗಳು (ರಿಸೆಪ್ಟರ್), ನಮ್ಮ ಮೆದುಳಿನಲ್ಲೂ ಇವೆ, ಕರುಳಿನಲ್ಲೂ ಇವೆ, ಉಸಿರಾಟ ನಡೆಸುವ ನರಕೇಂದ್ರದಲ್ಲೂ ಇವೆ. ನೋವು ಹೋಗುತ್ತದೆ, ಭೇದಿ ನಿಲ್ಲುತ್ತದೆ, ನಿದ್ದೆ ಬರುತ್ತದೆ. ಜಾಸ್ತಿಯಾದರೆ ಉಸಿರೂ ನಿಲ್ಲುತ್ತದೆ. ಕೂಸು ಒಂದೇ ಸಲಕ್ಕೆ ಸಾಯದಿದ್ದರೆ ಇನ್ನೊಂದು ದಾರಿ ಇತ್ತು. ಮಂಪರಿನಲ್ಲಿರುವ ಮಗು ಹಸಿವಾಯಿತು ಅಂತ ಅಳುವುದಿಲ್ಲ. ಅಳದ ಮಗುವಿಗೆ ಹಾಲು ಕುಡಿಸುವುದು ಯಾರಿಗೂ ನೆನಪಾಗುವುದಿಲ್ಲ. ವಾರಗಟ್ಟಲೆ ಹೀಗೇ ಸೊರಗಿ ಹೋಗುತ್ತಿದ್ದವು. ತಾಯಿಯ ಕಣ್ಣಿಗೆ ಮಾತ್ರ ಗುಣ ಕಂಡಿತ್ತು, ಮಗು ಎಷ್ಟು ಚೆನ್ನಾಗಿ ಮಲಗುತ್ತೆ ನೋಡು ಅಂತ.

ಅಫೀಮಿಗೆ 1868ರಲ್ಲೇ ಕಾನೂನು ಬಂತು. ಸೀಸೆಯ ಮೇಲೆ 'ವಿಷ' ಅಂತ ಬರೆಯಬೇಕು, ಎಲ್ಲೆಂದರಲ್ಲಿ ಮಾರುವಂತಿಲ್ಲ. ಆದರೆ ಪೇಟೆಂಟ್ ಔಷಧಿಗಳಿಗೆ ವಿನಾಯಿತಿ!

ಈ ಬಾಗಿಲಿನಿಂದ ನುಸುಳಿದ್ದರಲ್ಲಿ ಕ್ಲೋರೋಡೈನ್ ಒಂದು. ಅದಕ್ಕೆ ನಮ್ಮ ದೇಶದ ನಂಟಿದೆ. ಜಾನ್ ಕಾಲಿಸ್ ಬ್ರೌನ್ ಎಂಬ ಸೇನಾ ವೈದ್ಯ 1848ರ ಹೊತ್ತಿಗೆ ಭಾರತದಲ್ಲಿದ್ದ. ಕಾಲರಾ ಬಂದ ಸಿಪಾಯಿಗಳಿಗೆ ಅಂತ ಕಲಸಿದ ಮದ್ದು ಅದು. ಮಾರ್ಫಿನ್, ಕ್ಲೋರೋಫಾರ್ಮ್, ಮೇಲಿಂದ ನಮ್ಮ ಭಂಗಿ ಸೊಪ್ಪಿನ ಸತ್ವ. 1856ರಲ್ಲಿ ಸೇನೆ ಬಿಟ್ಟು ಲಂಡನ್ನಿನ ಔಷಧಿ ವ್ಯಾಪಾರಿಯೊಬ್ಬನ ಜೊತೆ ಅದನ್ನು ಮಾರುಕಟ್ಟೆಗೆ ಬಿಟ್ಟ. ಫ್ರೀಮನ್ ಎಂಬವನು ನಾನೇ ಕಂಡುಹಿಡಿದದ್ದು ಅಂತ ಪೈಪೋಟಿಗೆ ನಿಂತ. 1864ರಲ್ಲಿ ಕೋರ್ಟು ಬ್ರೌನ್ ಕಡೆ ಮಾತಾಡಿತು. ಆ ಮಾತನ್ನೇ ವರ್ಷಗಟ್ಟಲೆ ಜಾಹೀರಾತಿನಲ್ಲಿ ಅಚ್ಚು ಹಾಕಿಸಿದರು.

ಕಾಲರಾಕ್ಕೆ ಇದು ಕೆಲಸ ಮಾಡಿತಾ? ಹೊಟ್ಟೆ ನುಲಿತ ಕಮ್ಮಿಯಾಗುತ್ತಿತ್ತು, ಭೇದಿ ನಿಧಾನವಾಗುತ್ತಿತ್ತು. ಆದರೆ ಕಾಲರಾದಲ್ಲಿ ಜನ ಸಾಯುವುದು ಮೈಯಿಂದ ನೀರು ಉಪ್ಪು ಹೋಗಿ. ಮಾರ್ಫಿನ್ ಕರುಳನ್ನು ಅಲುಗದ ಹಾಗೆ ಮಾಡುತ್ತದೆಯೇ ಹೊರತು ಹೋದ ನೀರನ್ನು ರಕ್ತಕ್ಕೆ ತಂದುಕೊಡುವುದಿಲ್ಲ. ಹೊರಗೆ ಹೋಗದ ನೀರು ಕರುಳಿನ ಒಳಗೇ ನಿಂತಿರುತ್ತದೆ. ರಕ್ತಕ್ಕೆ ಅದೂ ನಷ್ಟವೇ.

ನನಗೆ ಹೊಟ್ಟೆ ಉರಿಯುವುದು ಇಲ್ಲಿ. ಸರಿಯಾದ ಮದ್ದು ಆಗಲೇ ಗೊತ್ತಿತ್ತು! 1832ರಲ್ಲಿ, ಸ್ಕಾಟ್ಲೆಂಡಿನ ಲೀತ್ ಊರಲ್ಲಿ, ಥಾಮಸ್ ಲಾಟಾ ಎಂಬ ವೈದ್ಯ ಕಾಲರಾದಿಂದ ಸಾಯುತ್ತಿದ್ದ ಮುದುಕಿಯೊಬ್ಬಳ ರಕ್ತನಾಳಕ್ಕೆ ಉಪ್ಪುನೀರು ಹರಿಸಿದ್ದ. ಮೊದಮೊದಲು ಏನೂ ಇಲ್ಲ. ಇನ್ನಷ್ಟು ಹರಿಸಿದ, ಆರು ಪೈಂಟ್‌ವರೆಗೆ, ಅಂದರೆ ಮೂರು ಲೀಟರಿಗೂ ಜಾಸ್ತಿ. ಗುಳಿಬಿದ್ದ ಕಣ್ಣು ತೆರೆಯಿತು, ತಣ್ಣಗಿದ್ದ ಮೈ ಬೆಚ್ಚಗಾಯಿತು. ಇನ್ನು ತೊಂದರೆ ಇಲ್ಲ ಅಂತ ಬೇರೆಯವರಿಗೆ ಒಪ್ಪಿಸಿ ಹೋದ. ಭೇದಿ ಮತ್ತೆ ಶುರುವಾಯಿತು, ಯಾರೂ ಮತ್ತೆ ಉಪ್ಪುನೀರು ಕೊಡಲಿಲ್ಲ, ಕೆಲವೇ ಗಂಟೆಗಳಲ್ಲಿ ಆಕೆ ತೀರಿಕೊಂಡಳು. ಮರುವರ್ಷ ಲಾಟಾ ಕೂಡ ಕ್ಷಯದಿಂದ ಹೋದ. ಅವನ ಉಪಾಯ ಮೂಲೆಗೆ ಬಿತ್ತು. ಉಪ್ಪುನೀರಿಗೆ ಯಾರು ಜಾಹೀರಾತು ಕೊಡುತ್ತಾರೆ? ಸಕ್ಕರೆ ಜೊತೆ ಸೇರಿದರೆ ಉಪ್ಪು ಕಾಲರಾ ಹಿಡಿದ ಕರುಳಿನಲ್ಲೂ ಒಳಗೆ ಇಳಿಯುತ್ತದೆ, ಬಾಯಿಂದಲೇ ಕುಡಿಸಬಹುದು ಅನ್ನುವ ಓಆರ್‌ಎಸ್ ತಿಳಿವಳಿಕೆ ಬಳಕೆಗೆ ಬಂದದ್ದು 1960ರ ದಶಕದಲ್ಲಿ, ಢಾಕಾ ಮತ್ತು ಕಲ್ಕತ್ತದಲ್ಲಿ.

ಅಂದದ ವ್ಯಾಪಾರವೂ ಇದೇ ಬೀದಿಯಲ್ಲಿತ್ತು. ಲಂಡನ್ನಿನ ಬಾಂಡ್ ಸ್ಟ್ರೀಟಿನಲ್ಲಿ ಮೇಡಮ್ ರೇಚಲ್ ಅಂತ ಒಬ್ಬಾಕೆ 'ಸಹಾರಾ ಮರುಭೂಮಿಯ ಕಾಂತ ಬಂಡೆಯ ಇಬ್ಬನಿ ನೀರು' ಮಾರುತ್ತಿದ್ದಳು, ಸುಕ್ಕು ಹೋಗಲು. 1868ರಲ್ಲಿ ವಿಧವೆಯೊಬ್ಬಳಿಗೆ ಮೋಸ ಮಾಡಿದ್ದಕ್ಕೆ ಐದು ವರ್ಷ ಜೈಲಾಯಿತು. ಬಂದು ಮತ್ತೆ ಅಂಗಡಿ ತೆರೆದಳು, ಮತ್ತೆ ಜೈಲಿಗೆ ಹೋದಳು.

ಇಬ್ಬನಿ ನೀರಿನಿಂದ ದುಡ್ಡು ಮಾತ್ರ ಹೋಗುತ್ತಿತ್ತು. ಪಾಷಾಣದ ಬಿಲ್ಲೆಗಳು ಹಾಗಲ್ಲ. ಆಸ್ಟ್ರಿಯಾದ ಸ್ಟೈರಿಯಾ ಬೆಟ್ಟಗಾಡಿನ ರೈತರು ಆರ್ಸೆನಿಕ್ ತಿಂದು ಕೆಂಪಗೆ ಕಳೆಕಳೆಯಾಗಿರುತ್ತಾರೆ ಅನ್ನುವ ಸುದ್ದಿ 1850ರ ದಶಕದಲ್ಲಿ ಹಬ್ಬಿತು. ಅಷ್ಟು ಸಾಕಾಯಿತು. ಡಾಕ್ಟರ್ ಮ್ಯಾಕೆಂಜಿ ಹೆಸರಿನ 'ನಿರಪಾಯ' ಆರ್ಸೆನಿಕ್ ಬಿಲ್ಲೆಗಳು ಮುಖಕಾಂತಿಗೆ ಅಂತ ಬಂದವು. ಅದೇ ಇಲಿಪಾಷಾಣದ ಆರ್ಸೆನಿಕ್ಕು! ಆರ್ಸೆನಿಕ್ ಚರ್ಮದ ಸಣ್ಣ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಕೆನ್ನೆ ಕೆಂಪಾಗುತ್ತದೆ. ಕನ್ನಡಿಯಲ್ಲಿ ಗುಣ ಕಾಣುತ್ತದೆ. ವರ್ಷಗಟ್ಟಲೆ ಒಳಗೆ ಹೋದರೆ ಅದೇ ಚರ್ಮದ ಮೇಲೆ ಕಪ್ಪು ಮಚ್ಚೆ ಏಳುತ್ತದೆ, ಅಂಗೈ ಅಂಗಾಲು ಗಂಟುಗಟ್ಟುತ್ತದೆ, ಕ್ಯಾನ್ಸರ್ ಕೂಡ ಬರಬಹುದು. ನಮ್ಮ ಯಾದಗಿರಿ ಜಿಲ್ಲೆಯ ತಾಂಡಾ ಒಂದರಲ್ಲಿ ಕುಡಿಯುವ ನೀರಿಗೆ ಆರ್ಸೆನಿಕ್ ಸೇರಿ ಜನ ಅನುಭವಿಸಿದ್ದು ಇದೇ ಪಾಡು.

ಇದರ ನಡುವೆ ಒಂದು ಕೊಲೆ ಕೇಸು. 1889ರಲ್ಲಿ ಲಿವರ್‌ಪೂಲಿನ ಹತ್ತಿ ವ್ಯಾಪಾರಿ ಜೇಮ್ಸ್ ಮೇಬ್ರಿಕ್ ಸತ್ತ. ಹೆಂಡತಿ ಫ್ಲಾರೆನ್ಸ್ ನೊಣ ಸಾಯಿಸುವ ಕಾಗದವನ್ನು ನೀರಲ್ಲಿ ನೆನೆಹಾಕಿದ್ದನ್ನು ಕೆಲಸದವರು ನೋಡಿದ್ದರು. ಅದರಲ್ಲಿ ಆರ್ಸೆನಿಕ್ ಇರುತ್ತದೆ. ಮುಖಕ್ಕೆ ಹಚ್ಚಿಕೊಳ್ಳಲು ಅಂದಳು ಆಕೆ. ಗಂಡನೋ, ಶಕ್ತಿ ಬರಲಿ ಅಂತ ತಾನೇ ಆರ್ಸೆನಿಕ್ ತಿನ್ನುವ ಚಟದವನು. ಹೆಂಡತಿ ಹಚ್ಚಿಕೊಳ್ಳುವುದು ಅದೇ, ಗಂಡ ನುಂಗುವುದು ಅದೇ. ಇಂಥ ಮನೆಯಲ್ಲಿ ಯಾರು ಯಾರಿಗೆ ಕೊಟ್ಟರು ಅಂತ ಹೇಗೆ ಹೇಳುವುದು? ಗಲ್ಲು ಅಂದರು, ಆಮೇಲೆ ಜೀವಾವಧಿ ಮಾಡಿದರು. 1904ರಲ್ಲಿ ಹೊರಗೆ ಬಂದಳು.

ಕ್ಲೋರೋಡೈನ್‌ಗೆ ಕಡಿವಾಣ ಬಿದ್ದ ಬಗೆ ಸ್ವಾರಸ್ಯವಾಗಿದೆ. 1890ರ ದಶಕದ ಮೊದಲಲ್ಲಿ ಕೋರ್ಟು, ಇದಕ್ಕೆ ಪೇಟೆಂಟೇ ಇಲ್ಲವಲ್ಲ, ಪೇಟೆಂಟ್ ಔಷಧಿಯ ವಿನಾಯಿತಿ ಎಲ್ಲಿಂದ ಬಂತು ಅಂತ ಕೇಳಿತು. ನೂರು ವರ್ಷ ಬಳಸಿಕೊಂಡ ಹೆಸರೇ ಉರುಳಾಯಿತು. ಆಮೇಲೆ ಬಂದದ್ದು 1909ರ ಆ ವೈದ್ಯರ ಪುಸ್ತಕ. ಅದರ ಬೆಲೆ ಒಂದು ಶಿಲ್ಲಿಂಗ್, ಗುಳಿಗೆ ಡಬ್ಬಿಗಿಂತ ಒಂದೂವರೆ ಪೆನ್ನಿ ಕಮ್ಮಿ. ಅನೇಕ ಪತ್ರಿಕೆಗಳು ಅದರ ಜಾಹೀರಾತು ಹಾಕಲು ಒಪ್ಪಲಿಲ್ಲ. ಅವುಗಳ ಅನ್ನ ನಡೆಯುತ್ತಿದ್ದದ್ದೇ ಗುಳಿಗೆಯವರ ದುಡ್ಡಿನಲ್ಲಿ. ಪಾರ್ಲಿಮೆಂಟಿನ ಸಮಿತಿ ಎರಡು ವರ್ಷ ವಿಚಾರಿಸಿ ವರದಿ ಕೊಟ್ಟಿತು. ಅದು ಹೊರಬಂದದ್ದು 1914ರ ಆಗಸ್ಟ್ 4ರಂದು. ಬ್ರಿಟನ್ ಮಹಾಯುದ್ಧಕ್ಕೆ ಇಳಿದದ್ದೂ ಅವತ್ತೇ. ವರದಿ ಯಾರಿಗೆ ಬೇಕು?

ಆ ಪುಸ್ತಕದಲ್ಲಿ ಬಯಲಾದ ಸರಕಿನಲ್ಲಿ ಒಂದರ ಬಗ್ಗೆ ಮಾತ್ರ ನನಗೆ ಪ್ರೀತಿ. 'ಡಾಕ್ಟರ್ ವಿಲಿಯಮ್ಸ್ ಪಿಂಕ್ ಪಿಲ್ಸ್', ಬಿಳಿಚಿಕೊಂಡವರ ಗುಲಾಬಿ ಗುಳಿಗೆ. ಫುಲ್‌ಫರ್ಡ್ ಎಂಬ ಕೆನಡಾದವನು 1890ರಲ್ಲಿ ಅದರ ಹಕ್ಕನ್ನು 53 ಡಾಲರ್ ಒಂದು ಸೆಂಟಿಗೆ ಕೊಂಡು ಕೋಟ್ಯಧೀಶನಾದ. ಪಾರ್ಶ್ವವಾಯುವಿಗೂ ಇದೇ ಮದ್ದು ಅಂತ ಸಾರಿದ್ದು ಶುದ್ಧ ಸುಳ್ಳು. ಆದರೆ ಸಕ್ಕರೆ ಲೇಪದ ಒಳಗೆ ಇದ್ದದ್ದು ಕಬ್ಬಿಣದ ಸಲ್ಫೇಟ್. ಗಿರಣಿಗಳಲ್ಲಿ ದುಡಿದು ಬಿಳಿಚಿಕೊಂಡಿದ್ದ ಹುಡುಗಿಯರಿಗೆ ಬೇಕಿದ್ದದ್ದೂ ಕಬ್ಬಿಣವೇ. ಅವರಿಗೆ ಗುಣ ಆಯಿತು, ನಿಜವಾಗಿ.

ನಮ್ಮ ಸರಕಾರಿ ಶಾಲೆಗಳಲ್ಲಿ ಚಿಕ್ಕ ಮಕ್ಕಳಿಗೆ ವಾರಕ್ಕೊಮ್ಮೆ ಬಿಸಿಯೂಟದ ನಂತರ ಒಂದು ಗುಲಾಬಿ ಗುಳಿಗೆ ಕೊಡುತ್ತಾರೆ. ಕಬ್ಬಿಣದ್ದು, ಪುಕ್ಕಟೆ. ಟೀಚರ್ ಆಗಿರುವ ನನ್ನ ಅಕ್ಕನಿಗೆ ಅದನ್ನು ನುಂಗಿಸುವುದೇ ದೊಡ್ಡ ಕೆಲಸ. ದವಡೆಯಲ್ಲಿ ಇಟ್ಟುಕೊಂಡು ಹೋಗಿ ಕಾಂಪೌಂಡಿನ ಆಚೆ ಉಗಿಯುತ್ತಾರಂತೆ. ಇದರಿಂದ ಏನಾಗುತ್ತೆ ಮಿಸ್ ಅಂತ ಕೇಳುತ್ತಾರಂತೆ. ನಿದ್ದೆ ಬರಲ್ಲ, ಕೆನ್ನೆ ಕೆಂಪಾಗಲ್ಲ, ಮೈ ಹಗುರ ಅನ್ನಿಸಲ್ಲ. ರಕ್ತ ಏರಲು ತಿಂಗಳುಗಳೇ ಬೇಕು. ಮರುದಿನ ಕಣ್ಣಿಗೆ ಕಾಣುವುದು ಒಂದೇ, ಕಕ್ಕಸು ಕಪ್ಪಗಾಗಿರುತ್ತದೆ.